ಹೋಗಬೇಕೇ? ಕುಳಿತಲ್ಲಿಂದಲೇ ನೋಡಿದರೆ ಸಾಲದೇ?

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಸುತ್ತುವ ಅನುಕೂಲವಿಲ್ಲದವನಿಗೆ ಪುಸ್ತಕವೇ ದೇಶವಾಗಿತ್ತು. ಇಂದಿನ ದಿನಮಾನಗಳಲ್ಲಿ ಇವೆರಡರ ನಡುವೆ ಮೂರನೆಯ ದಾರಿಯೊಂದು ತೆರೆದುಕೊಂಡಿದೆ. ಮನೆಯ ಪಡಸಾಲೆಯಲ್ಲಿ ಕುಳಿತು ಅಮೆರಿಕೆಯಲ್ಲಿರುವ ಮೊಮ್ಮಗನ ಮುಖವನ್ನು ನೋಡಬಹುದು. ಊರ ಕಾಲೇಜಿನಲ್ಲಿದ್ದುಕೊಂಡೇ ದೂರದ ವಿದ್ವಾಂಸರ ಉಪನ್ಯಾಸ ಕೇಳಬಹುದು. ಹೀಗಿರುವಾಗ ಸಭೆ ಸಮ್ಮೇಳನಗಳಿಗೆಂದು ಗಂಟುಮೂಟೆ ಕಟ್ಟಿಕೊಂಡು ಹೊರಡುವುದು ಅವಶ್ಯವೇ? ಈ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಂತಿತು. ಅದಕ್ಕೆ ನಾವು ಕಂಡುಕೊಂಡ ಉತ್ತರವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮನೆಗೆ ಬಂದ ಕರೆಯೋಲೆ

ನಾವು ಸತಿಪತಿಗಳಿಬ್ಬರೂ ಕೂಡಿಯೇ ಇದನ್ನು ಬರೆಯುತ್ತಿದ್ದೇವೆ. ನಮ್ಮಲ್ಲೊಬ್ಬರು ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರು. ಇನ್ನೊಬ್ಬರು ಬಾಗಲಕೋಟೆ ಸೀಮೆಯ ತಾಲೂಕು ಊರೊಂದರ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮಗ ಅಮೆರಿಕೆಯಲ್ಲಿದ್ದಾನೆ. ಮನೆಯಲ್ಲಿ ನಮ್ಮೊಡನೆ ಎಂಬತ್ತು ದಾಟಿದ ತಾಯಿಯವರಿದ್ದಾರೆ.

ಕೊರೋನಾ ಪಿಡುಗು ಕಲಿಸಿದ ಪಾಠದಿಂದ, 2021ರಲ್ಲಿ ಕಾಲೇಜಿನ ಆಡಳಿತ ಮಂಡಳಿಯವರು ಒಂದು ಕೊಠಡಿಯನ್ನು ವಿಡಿಯೋ ಸಭಾಗೃಹವನ್ನಾಗಿ ಸಜ್ಜುಗೊಳಿಸಿದರು. ಗೋಡೆಗೆ ದೊಡ್ಡ ಪರದೆ, ಕ್ಯಾಮೆರಾ, ಮೇಜಿನ ಮೇಲೆ ಮೈಕುಗಳು. ಭೌತಶಾಸ್ತ್ರದವರಿಗೆ ಎಲ್ಲ ಯಂತ್ರಗಳೂ ತಿಳಿಯುತ್ತವೆ ಎಂಬ ಲೋಕರೂಢಿಯಂತೆ ಅದರ ಉಸ್ತುವಾರಿ ನಮ್ಮಲ್ಲಿ ಉಪನ್ಯಾಸಕಿಯಾದವರ ಹೆಗಲೇರಿತು. ಅತಿಥಿ ಉಪನ್ಯಾಸಗಳು, ವಿಶ್ವವಿದ್ಯಾಲಯದ ಸಭೆಗಳು, ಎಲ್ಲಕ್ಕಿಂತ ಮುಖ್ಯವಾಗಿ ವಿದ್ಯಾರ್ಥಿಗಳ ಉದ್ಯೋಗ ಸಂದರ್ಶನಗಳು ಅಲ್ಲಿ ನಡೆಯತೊಡಗಿದವು.

ಕಳೆದ ವರ್ಷ ಒಂದು ಆಮಂತ್ರಣ ಬಂದಿತು. ಇಂಥ ಯಂತ್ರಗಳನ್ನು ಬಳಸುವ ಶಾಲೆ, ಕಾಲೇಜು, ಆಸ್ಪತ್ರೆ, ಕಚೇರಿಗಳವರು ಕಟ್ಟಿಕೊಂಡ ಬಳಗವೊಂದರ ಮೂರು ದಿನಗಳ ಸಮ್ಮೇಳನ ಬೆಂಗಳೂರಿನಲ್ಲಿ. ಖುದ್ದಾಗಿ ಬರುವವರು ಶುಲ್ಕ ತೆರಬೇಕು. ಮನೆಯಿಂದಲೇ ಪರದೆಯ ಮೇಲೆ ಭಾಷಣಗಳನ್ನು ನೋಡುವವರಿಗೆ ಶುಲ್ಕವಿಲ್ಲ. ಆಮಂತ್ರಣವನ್ನು ಓದಿ ಹೇಳಿದಾಗ ತಾಯಿಯವರು ನಕ್ಕುಬಿಟ್ಟರು.

“ಅಲ್ಲವ್ವಾ, ದೂರ ಕುಂತು ಮಾತಾಡೂ ಯಂತ್ರದ ಸಲುವಾಗಿ ಮಂದಿ ಇಷ್ಟು ದೂರ ಯಾಕ ಕೂಡಬೇಕು? ಆ ಯಂತ್ರದಾಗ ಕೂಡಿದರ ಆಗೂದಿಲ್ಲೇನು?”

ಓದು ಬರಹ ಹೆಚ್ಚಿಲ್ಲದ ಹಿರಿಯ ಜೀವದ ಈ ಪ್ರಶ್ನೆಗೆ ನಮ್ಮಲ್ಲಿ ಕೂಡಲೇ ಉತ್ತರವಿರಲಿಲ್ಲ.

ಆ ಹನ್ನೊಂದು ನಿಮಿಷ

ಆಮಂತ್ರಣವನ್ನು ಸುಮ್ಮನೆ ಬದಿಗಿಡಲಾಗದಂಥ ಕಾರಣವೊಂದು ನಮಗಿತ್ತು. ಅದಕ್ಕೂ ನಾಲ್ಕು ತಿಂಗಳ ಹಿಂದೆ, ಹತ್ತಿರದ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಆ ಸಭಾಗೃಹದಲ್ಲಿ ಉದ್ಯೋಗ ಸಂದರ್ಶನಕ್ಕೆ ಕುಳಿತಿದ್ದಳು. ಒಕ್ಕಲುತನದ ಮನೆ. ಆ ಮನೆಯಲ್ಲಿ ಪದವಿಯವರೆಗೆ ಬಂದವಳು ಅವಳೊಬ್ಬಳೇ. ಎರಡು ಸುತ್ತು ದಾಟಿ ಕೊನೆಯ ಸುತ್ತಿಗೆ ಬಂದಿದ್ದಳು. ಮೂರನೆಯ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗ ಕರೆಂಟು ಹೋಯಿತು.

ಸಭಾಗೃಹಕ್ಕೆ ಬ್ಯಾಟರಿಯ ಯು.ಪಿ.ಎಸ್. ಇತ್ತು. ಪರದೆ ಆರಲಿಲ್ಲ, ಕ್ಯಾಮೆರಾದ ಹಸಿರು ದೀಪವೂ ಆರಲಿಲ್ಲ. ಆದರೆ ಪರದೆಯ ಮೇಲೆ ಸಂದರ್ಶಕರ ಮುಖಗಳು ಕಲ್ಲಿನಂತೆ ನಿಂತುಬಿಟ್ಟವು. ಜನರೇಟರ್ ಹತ್ತಿ, ಅಂತರ್ಜಾಲ ಮರಳಿ ಬಂದು, ಸಂಪರ್ಕ ಸಾಧಿಸುವಷ್ಟರಲ್ಲಿ ಹನ್ನೊಂದು ನಿಮಿಷಗಳು ಕಳೆದಿದ್ದವು. ಸಂದರ್ಶಕರು ಮುಂದಿನ ಅಭ್ಯರ್ಥಿಯನ್ನು ಕರೆದುಕೊಂಡಿದ್ದರು. ಮತ್ತೊಮ್ಮೆ ಅವಕಾಶ ಕೊಡಿರೆಂದು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಯಂತ್ರ ಪೂರೈಸಿದವರನ್ನು ಕೇಳಿದರೆ, “ನಮ್ಮ ಉಪಕರಣದಲ್ಲಿ ಯಾವ ದೋಷವೂ ಇಲ್ಲ” ಎಂಬ ಒಂದೇ ಮಾತು. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಆ ಹುಡುಗಿ ಅಳಲಿಲ್ಲ. “ಇರಲಿ ಬಿಡ್ರಿ ಮೇಡಂ” ಎಂದು ನಮಗೇ ಸಮಾಧಾನ ಹೇಳಿ ಬಸ್ಸಿಗೆ ಹೊರಟಳು. ಅದು ನಮ್ಮನ್ನು ಬಹಳ ದಿನ ಕಾಡಿತು.

ಬಳಕೆದಾರರ ಬಳಗವೆಂದರೇನು?

ಬಳಕೆದಾರರು ಒಂದೆಡೆ ಸೇರುವ ಪದ್ಧತಿ ಇಂದು ನಿನ್ನೆಯದಲ್ಲ. 1955ರಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಐ.ಬಿ.ಎಂ. ಸಂಸ್ಥೆಯ 704 ಎಂಬ ಗಣಕಯಂತ್ರವನ್ನು ಬಳಸುವವರು ಸೇರಿ ‘ಶೇರ್’ ಎಂಬ ಬಳಗವನ್ನು ಕಟ್ಟಿದರು. ಆ ಹೆಸರಿನ ಅರ್ಥವೇ ಹಂಚಿಕೊಳ್ಳುವುದು. ಆ ಕಾಲದಲ್ಲಿ ಗಣಕಯಂತ್ರವನ್ನು ಕೊಂಡವರೆಲ್ಲ ಒಂದೇ ಬಗೆಯ ಕ್ರಮವಿಧಿಗಳನ್ನು ತಮ್ಮ ತಮ್ಮಲ್ಲೇ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕಾಗಿತ್ತು. ಒಬ್ಬರು ಪಟ್ಟ ಶ್ರಮವನ್ನೇ ಹತ್ತು ಜನ ಮತ್ತೆ ಪಡುವುದೇಕೆ ಎಂಬ ವಿವೇಕದಿಂದ ಆ ಬಳಗ ಹುಟ್ಟಿತು. ನಮ್ಮ ಹಳ್ಳಿಗಳಲ್ಲಿ ಬಿತ್ತನೆಗೆ ಮುನ್ನ ಕಟ್ಟೆಯ ಮೇಲೆ ಕುಳಿತು ಯಾವ ಬೀಜ ಯಾರ ಹೊಲದಲ್ಲಿ ಕೈಕೊಟ್ಟಿತು ಎಂದು ರೈತರು ಮಾತನಾಡಿಕೊಳ್ಳುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಮಾರುವವನು ಯಂತ್ರದ ಗುಣವನ್ನು ಹೇಳುತ್ತಾನೆ, ಬಳಸುವವನು ಅದರ ಸ್ವಭಾವವನ್ನು ಹೇಳುತ್ತಾನೆ.

ದೂರದಿಂದ ಮುಖ ನೋಡಿ ಮಾತನಾಡುವ ಯಂತ್ರಕ್ಕಂತೂ ಬಳಗವೇ ಪ್ರಾಣ. 1964ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಅಮೆರಿಕೆಯ ಎ.ಟಿ. ಅಂಡ್ ಟಿ. ಸಂಸ್ಥೆಯವರು ‘ಪಿಕ್ಚರ್‌ಫೋನ್’ ಎಂಬ ಚಿತ್ರದೂರವಾಣಿಯನ್ನು ತೋರಿಸಿದರು. ಅದೇ ವರ್ಷ ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೋ ನಗರಗಳಲ್ಲಿ ಸಾರ್ವಜನಿಕರಿಗಾಗಿ ಅದರ ಕೊಠಡಿಗಳು ತೆರೆದವು. ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಮೂರು ನಿಮಿಷದ ಮಾತಿಗೆ 16 ಡಾಲರ್. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ತಿಂಗಳಿಗೆ 160 ಡಾಲರ್ ಬಾಡಿಗೆಯ ಮೇಲೆ ಅದನ್ನು ಕಚೇರಿಗಳಿಗೆ ಕೊಡಲಾಯಿತು. ಬೆಲೆ ದುಬಾರಿಯಾಗಿತ್ತು, ನಿಜ. ಅದಕ್ಕೂ ದೊಡ್ಡ ತೊಡಕೆಂದರೆ, ಕೊಂಡವನು ಮಾತನಾಡಬೇಕಾದವರ ಬಳಿ ಆ ಯಂತ್ರವೇ ಇರಲಿಲ್ಲ. ಆಚೆ ತುದಿಯಲ್ಲಿ ಇನ್ನೊಬ್ಬನಿಲ್ಲದಿದ್ದರೆ ಅದು ಗೋಡೆಗೆ ಹಿಡಿದ ಕನ್ನಡಿಯಷ್ಟೇ. ಕೆಲವೇ ವರ್ಷಗಳಲ್ಲಿ ಆ ಸೇವೆ ನಿಂತುಹೋಯಿತು.

ನಮ್ಮ ನೆಲದ ಅನುಭವ

ನಮ್ಮ ಉತ್ತರ ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಸ್ಥಾನವುಂಟು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ದೊಡ್ಡ ಛತ್ರಿಯನ್ನು ನಿಲ್ಲಿಸಿ, ಊರವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಕೃಷಿ, ಆರೋಗ್ಯದ ಮಾತುಗಳನ್ನು ಕೇಳಿದರು. ಆದರೆ ಅಲ್ಲಿ ಮಾತು ಒಮ್ಮುಖವಾಗಿತ್ತು. ರೈತನಿಗೆ ಸಂಶಯ ಬಂದರೆ ಪೆಟ್ಟಿಗೆಯನ್ನು ಕೇಳುವಂತಿರಲಿಲ್ಲ.

ಮುಂದೆ ಮಾತು ಇಮ್ಮುಖವಾಯಿತು. 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಉಪಗ್ರಹದ ಮೂಲಕ ಸಂಪರ್ಕ ಏರ್ಪಟ್ಟು, ಹೃದ್ರೋಗ ತಜ್ಞರ ಸಲಹೆ ಅಲ್ಲಿಯ ರೋಗಿಗಳಿಗೆ ಸಿಗುವಂತಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲುಗೊಂಡಿತು.

ಇಂಥ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಮಾತು ಬೆಳಕಿನ ವೇಗದಲ್ಲಿ ಮೇಲೇರಿ ಕೆಳಗಿಳಿಯುವುದಕ್ಕೆ ಕಾಲು ಸೆಕೆಂಡು ಬೇಕು. ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ಅರ್ಧ ಸೆಕೆಂಡು. ಈ ಚಿಕ್ಕ ಮೌನದಲ್ಲಿ ಗುರುಗಳು ಶಿಷ್ಯನಿಗೆ ಉತ್ತರ ತಿಳಿಯದೆಂದು ಭಾವಿಸಿ ತಾವೇ ಮತ್ತೆ ಮಾತು ಆರಂಭಿಸುತ್ತಾರೆ. ಅಷ್ಟರಲ್ಲಿ ಶಿಷ್ಯನ ಉತ್ತರವೂ ಬಂದು ಎರಡು ದನಿಗಳು ಡಿಕ್ಕಿ ಹೊಡೆಯುತ್ತವೆ. ಸಂಭಾಷಣೆ ಸಹಜವಾಗಿರಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪುವ ತಡ 150 ಮಿಲಿಸೆಕೆಂಡನ್ನು ಮೀರಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸಿದೆ. ಇದೆಲ್ಲ ಪುಸ್ತಕದಲ್ಲಿ ಸಿಗುವ ವಿದ್ಯೆ. ಇದಕ್ಕಾಗಿ ಯಾರೂ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಮಾರುವವರೇ ಕರೆಯುತ್ತಾರೆ

ತಾಯಿಯವರ ಪ್ರಶ್ನೆಯನ್ನು ಹಿಡಿದು ನಾವು ಹುಡುಕುತ್ತ ಹೋದಾಗ ಇನ್ನೊಂದು ಸೋಜಿಗ ಕಂಡಿತು. 2011ರಲ್ಲಿ ಸ್ಥಾಪನೆಯಾದ ಝೂಮ್ ಸಂಸ್ಥೆಯ ಹೆಸರು ಕೊರೋನಾ ಕಾಲದಲ್ಲಿ ಮನೆಮಾತಾಯಿತು. ಅದು ಪ್ರತಿವರ್ಷ ತನ್ನ ಬಳಕೆದಾರರ ಸಮ್ಮೇಳನ ನಡೆಸುತ್ತದೆ. 2020ರಲ್ಲಿ ಆ ಸಮ್ಮೇಳನ ಪೂರ್ತಿಯಾಗಿ ಪರದೆಯ ಮೇಲೆಯೇ ಜರುಗಿತು. ಬೇರೆ ಮಾರ್ಗವೂ ಇರಲಿಲ್ಲ. ಆದರೆ ಪಿಡುಗು ಇಳಿದ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಜನರನ್ನು ಮತ್ತೆ ಮುಖಾಮುಖಿಯಾಗಿ ಸೇರಿಸಿದರು. ಪರದೆಯ ಮೇಲೆ ನೋಡುವ ಸೌಕರ್ಯವೂ ಜೊತೆಗಿತ್ತು. ಅಷ್ಟೇ ಅಲ್ಲ, 2023ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆ, ಕಚೇರಿಯಿಂದ 50 ಮೈಲಿಗಳೊಳಗೆ ವಾಸಿಸುವ ತನ್ನ ನೌಕರರು ವಾರಕ್ಕೆ ಎರಡು ದಿನ ಖುದ್ದಾಗಿ ಬರಬೇಕೆಂದು ಸೂಚಿಸಿತು. ದೂರದಲ್ಲಿದ್ದೂ ಕೂಡಿ ಕೆಲಸ ಮಾಡುವ ವಿದ್ಯೆಯನ್ನು ಲೋಕಕ್ಕೆಲ್ಲ ಮಾರಿದವರಿಗೇ ಹತ್ತಿರ ಬರುವುದರ ಅಗತ್ಯ ತೋರಿತೆಂದರೆ, ಪರದೆಯಲ್ಲಿ ಹಾಯದ ಏನೋ ಒಂದು ಇರಲೇಬೇಕಲ್ಲವೇ?

ಮನೆಯ ಲೆಕ್ಕ

ಏನಿದ್ದರೂ ಮನೆಯ ಲೆಕ್ಕ ಮನೆಯದೇ. ಹೋಗಬೇಕಾದರೆ ಎರಡು ರಾತ್ರಿ ಬಸ್ಸಿನ ಪ್ರಯಾಣ, ವಸತಿಯ ಖರ್ಚು, ಕಾಲೇಜಿಗೆ ರಜೆ. ಶುಲ್ಕದ ಅರ್ಧವನ್ನಷ್ಟೇ ಕೊಡುವುದಾಗಿ ಆಡಳಿತ ಮಂಡಳಿಯವರು ತಿಳಿಸಿದರು. ಇದಕ್ಕಿಂತ ಮಿಗಿಲಾದದ್ದು ತಾಯಿಯವರ ಆರೈಕೆ. ಮೂರು ವಾರಗಳ ಹಿಂದಷ್ಟೇ ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿಯ ಹನಿ ಬಿಡಬೇಕು. ನಿವೃತ್ತರಾದವರಿಗೆ ಚಹಾ ಕಾಯಿಸುವುದನ್ನು ಬಿಟ್ಟರೆ ಅಡುಗೆಮನೆಯ ಪರಿಚಯ ಅಷ್ಟಕ್ಕಷ್ಟೇ. ಇದನ್ನು ಬರೆಯಲು ಸಂಕೋಚವಾದರೂ ಸತ್ಯವನ್ನು ಮರೆಮಾಚಬಾರದು. ಪುರುಷರಿಗೆ ಇಂಥ ಆಮಂತ್ರಣ ಬಂದರೆ ನಮ್ಮ ಮನೆಗಳಲ್ಲಿ ಖರ್ಚಿನ ಮಾತು ಮಾತ್ರ ಬರುತ್ತದೆ. ಹೆಣ್ಣುಮಕ್ಕಳಿಗೆ ಬಂದರೆ ರೊಟ್ಟಿಯ ಮಾತೂ ಬರುತ್ತದೆ. ನಮ್ಮಲ್ಲಿಯೂ ಬಂದಿತು.

ಮೊದಲ ಸಲ ಲೆಕ್ಕ ಹಾಕಿದಾಗ ಹೋಗುವುದು ಬೇಡವೆಂದೇ ತೀರ್ಮಾನವಾಯಿತು. ಭಾಷಣಗಳು ಹೇಗೂ ಪರದೆಯ ಮೇಲೆ ಸಿಗುತ್ತವೆಯಲ್ಲ ಎಂದು ನಾವು ನಮ್ಮನ್ನೇ ಒಪ್ಪಿಸಿಕೊಂಡೆವು. ಆ ತೀರ್ಮಾನವನ್ನು ಕೆಡಿಸಿದವರೂ ತಾಯಿಯವರೇ.

ಅದು ರವಿವಾರ. ಅಮೆರಿಕೆಯಿಂದ ಮೊಮ್ಮಗ ಎಂದಿನಂತೆ ವಿಡಿಯೋ ಕರೆ ಮಾಡಿದ. “ಅಜ್ಜಿ, ಹ್ಯಾಂಗ ಅದೀಯಬೇ?” ಎಂದ. “ಆರಾಮ ಅದೀನಪಾ” ಎಂದು ಅವರು ನಕ್ಕರು. ಕರೆ ಮುಗಿದ ಮೇಲೆ ಗೋಡೆ ಹಿಡಿದು ಏಳುತ್ತ ನಮ್ಮತ್ತ ತಿರುಗಿದರು.

“ಅವ ಕರದಾಗ ನಾ ಸೆರಗ ಸರಿ ಮಾಡಿಕೊಂಡು ನಕ್ಕೊಂತ ಕೂಡತೀನಿ. ಮಣಕಾಲ ಬಾತಿದ್ದು ಅವಗ ಕಾಣಸತೈತೇನು? ಬಾಜೂಕ ಕುಂತಿದ್ದರ ನಾ ಏಳೂ ಮುಂದ ಅವಗ ಗೊತ್ತಾಗತಿತ್ತು. ನಿಮ್ಮ ಯಂತ್ರ ನಾವು ತೋರಿಸಿದಷ್ಟ ತೋರಸತೈತಿ.” ಒಂದು ಕ್ಷಣ ಬಿಟ್ಟು ಸೊಸೆಗೆ ಹೇಳಿದರು: “ನಿನಗ ನೋಡೂದಷ್ಟ ಇದ್ದರ ಮನ್ಯಾಗ ಕುಂತು ನೋಡು. ಕೇಳೂದು ಇದ್ದರ ಹೋಗಿ ಬಾ.”

ನಮ್ಮ ಗೊಂದಲ ಅಲ್ಲಿಗೆ ಬಗೆಹರಿಯಿತು. ವೇದಿಕೆಯ ಮೇಲೆ ನಿಂತವರು ತಮ್ಮ ಯಶಸ್ಸನ್ನು ತೋರಿಸುತ್ತಾರೆ. ಅದು ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಮಗೆ ಬೇಕಾಗಿದ್ದುದು ಯಶಸ್ಸಲ್ಲ. ನಮ್ಮಂತೆಯೇ ಸೋತವರು ಯಾರು, ಏಕೆ ಸೋತರು, ಆಮೇಲೆ ಏನು ಮಾಡಿದರು ಎಂಬುದು. ಅದನ್ನು ಯಾರೂ ಪರದೆಯ ಎದುರು ಹೇಳಿಕೊಳ್ಳುವುದಿಲ್ಲ.

ಊಟದ ಸಾಲಿನಲ್ಲಿ

ಕೊನೆಗೆ ಮಧ್ಯಮಾರ್ಗವೊಂದನ್ನು ಹಿಡಿದೆವು. ಮೊದಲ ದಿನದ ಉದ್ಘಾಟನೆ, ಭಾಷಣಗಳನ್ನು ಮನೆಯಿಂದಲೇ ನೋಡುವುದು. ಅಂದು ರಾತ್ರಿಯ ಬಸ್ಸಿಗೆ ಹೊರಟು, ಬಳಕೆದಾರರೇ ಕುಳಿತು ಮಾತನಾಡುವ ಎರಡನೆಯ ದಿನಕ್ಕೆ ಮಾತ್ರ ಹಾಜರಾಗಿ, ಅದೇ ರಾತ್ರಿ ಮರಳುವುದು. ಹೊರಡುವ ಮುನ್ನ ಉಪನ್ಯಾಸಕಿ ಒಂದು ಹಾಳೆಯ ಮೇಲೆ ಮೂರು ಪ್ರಶ್ನೆಗಳನ್ನು ಬರೆದುಕೊಂಡರು. ನಿವೃತ್ತರು ಹನಿ ಬಿಡುವ ವೇಳಾಪಟ್ಟಿಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿದರು.

ಮೊದಲ ದಿನದ ಭಾಷಣಗಳು ಬಹುಪಾಲು ಹೊಸ ಯಂತ್ರಗಳ ಗುಣಗಾನವಾಗಿದ್ದವು. ಅದಕ್ಕೆಂದು ಹೋಗದಿದ್ದುದು ಒಳ್ಳೆಯದೇ ಆಯಿತು. ಎರಡನೆಯ ದಿನ ಸಭೆಯಲ್ಲಿಯೂ ಮೊದಮೊದಲು ಎಲ್ಲರೂ ತಮ್ಮ ತಮ್ಮ ಸಂಸ್ಥೆಯ ಏಳಿಗೆಯನ್ನೇ ವರ್ಣಿಸಿದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ನಮ್ಮವರು ಆ ಹನ್ನೊಂದು ನಿಮಿಷಗಳ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ತಾಲೂಕು ಆಸ್ಪತ್ರೆಯೊಂದರ ವಿಡಿಯೋ ಕೊಠಡಿಯನ್ನು ನೋಡಿಕೊಳ್ಳುವ ಯುವಕನೊಬ್ಬ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, “ಮೇಡಂ, ನಿಮ್ಮ ರೂಟರ್ ಯಾವ ಪ್ಲಗ್ಗಿನಲ್ಲಿದೆ?” ಎಂದು ಕೇಳಿದ.

ಆ ಒಂದು ಪ್ರಶ್ನೆಯಲ್ಲಿ ಉತ್ತರವಿತ್ತು. ಪರದೆ, ಕ್ಯಾಮೆರಾಗಳಿಗೆ ಬ್ಯಾಟರಿಯ ಆಸರೆಯಿತ್ತು. ಆದರೆ ಅಂತರ್ಜಾಲದ ತಂತಿ ಬಂದು ಸೇರುವ ರೂಟರ್ ಎಂಬ ಪುಟ್ಟ ಪೆಟ್ಟಿಗೆ ಬೇರೊಂದು ಕೋಣೆಯಲ್ಲಿತ್ತು, ಅದಕ್ಕೆ ಬ್ಯಾಟರಿಯಿರಲಿಲ್ಲ. ಕರೆಂಟು ಹೋದೊಡನೆ ಕಣ್ಣು ತೆರೆದೇ ಇದ್ದು ಉಸಿರು ನಿಂತಂತೆ ಆಗುತ್ತಿತ್ತು. ಯಂತ್ರ ಪೂರೈಸಿದವರು ಅಂತರ್ಜಾಲ ತಮ್ಮದಲ್ಲವೆಂದರು, ಅಂತರ್ಜಾಲ ಕೊಟ್ಟವರು ವಿದ್ಯುತ್ತು ತಮ್ಮದಲ್ಲವೆಂದರು. ಈ ಮೂವರ ನಡುವಿನ ಸಂದಿನಲ್ಲಿ ಆ ಹುಡುಗಿಯ ಅವಕಾಶ ಬಿದ್ದುಹೋಗಿತ್ತು. ತಮ್ಮಲ್ಲಿಯೂ ರೋಗಿಯೊಬ್ಬರ ತಪಾಸಣೆ ಹೀಗೆಯೇ ನಡುವೆ ಕಡಿದುಹೋದ ಮೇಲೆ ತಾನು ಇದನ್ನು ಕಂಡುಕೊಂಡೆನೆಂದು ಆ ಯುವಕ ಹೇಳಿದ.

ಒಬ್ಬರು ಬಾಯಿ ಬಿಟ್ಟ ಮೇಲೆ ಉಳಿದವರೂ ಬಾಯಿ ಬಿಟ್ಟರು. ಮಹತ್ವದ ಸಂದರ್ಶನವಿದ್ದಾಗ ಮೊಬೈಲ್ ಫೋನೊಂದನ್ನು ಅದೇ ಸಭೆಗೆ ದನಿ ಮುಚ್ಚಿ ಸೇರಿಸಿಡಬೇಕು, ತಂತಿಯ ಸಂಪರ್ಕ ಕಡಿದರೆ ಅದು ಕೈಹಿಡಿಯುತ್ತದೆ ಎಂದರು ಒಬ್ಬರು. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಗೊಳ್ಳುವುದರಿಂದ ದಪ್ಪ ಪರದೆ ಬಟ್ಟೆಗಳನ್ನು ಇಳಿಬಿಡಬೇಕೆಂದರು ಮತ್ತೊಬ್ಬರು. ಎಲ್ಲಕ್ಕಿಂತ ಬೆಲೆಯುಳ್ಳ ಮಾತನ್ನು ಹೇಳಿದವರು ಹಿರಿಯ ಪ್ರಾಂಶುಪಾಲರೊಬ್ಬರು. “ಸಂಪರ್ಕ ತಪ್ಪಿದರೆ ಯಾವ ದೂರವಾಣಿಗೆ ಕರೆ ಮಾಡಬೇಕು, ಎಷ್ಟು ಹೊತ್ತು ಕಾಯುತ್ತೀರಿ ಎಂಬುದನ್ನು ಸಂದರ್ಶಕರಿಂದ ಮೊದಲೇ ಬರೆಸಿಕೊಳ್ಳಿರಿ. ಯಂತ್ರ ಕೆಡುವುದನ್ನು ತಡೆಯಲಾಗದು. ಕೆಟ್ಟಾಗ ಮನುಷ್ಯರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಗೊತ್ತುಪಡಿಸಿಕೊಳ್ಳಬಹುದು” ಎಂದರು. ನಮ್ಮವರೂ ಬರಿಗೈಯಲ್ಲಿ ಹೋಗಿರಲಿಲ್ಲ. ಮುಖದ ಹಿಂದಿನ ಕಿಟಕಿಯನ್ನು ಮುಚ್ಚಿ ಮುಂದಿನಿಂದ ಬೆಳಕು ಬರುವಂತೆ ಕುರ್ಚಿಯನ್ನು ತಿರುಗಿಸಿದರೆ ಅಭ್ಯರ್ಥಿಯ ಮುಖ ಹೇಗೆ ತಿಳಿಯಾಗುತ್ತದೆಂಬ ತಮ್ಮ ಅನುಭವವನ್ನು ಅವರು ಅಲ್ಲಿ ಹಂಚಿಕೊಂಡರು.

ಮರಳಿದ ಮೇಲೆ

ಮರಳಿದ ವಾರದಲ್ಲಿಯೇ ರೂಟರಿಗೆ ಚಿಕ್ಕದೊಂದು ಬ್ಯಾಟರಿ ಬಂದಿತು. ಅದರ ಬೆಲೆ ಸಮ್ಮೇಳನದ ಶುಲ್ಕಕ್ಕಿಂತ ಕಡಿಮೆ. ಸಂದರ್ಶಕರೊಡನೆ ಮಾಡಿಕೊಳ್ಳುವ ಒಪ್ಪಂದದ ಹಾಳೆ ಈಗ ಸಭಾಗೃಹದ ಬಾಗಿಲಿಗೆ ತೂಗುತ್ತದೆ. ಈ ವರ್ಷದ ಸಂದರ್ಶನಗಳ ನಡುವೆ ಎರಡು ಸಲ ಕರೆಂಟು ಹೋಯಿತು. ಆಚೆ ತುದಿಯವರಿಗೆ ಅದು ತಿಳಿಯಲೇ ಇಲ್ಲ.

ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆವು. ನಿವೃತ್ತರು ಆ ದಿನ ಮಧ್ಯಾಹ್ನದ ಹನಿಯನ್ನು ಮರೆತರು. ನೆರೆಮನೆಯವರು ರೊಟ್ಟಿ ಕಳುಹಿಸಿದರು. ಕಳೆದುಹೋದ ಆ ಹನ್ನೊಂದು ನಿಮಿಷಗಳನ್ನಂತೂ ಆ ಹುಡುಗಿಗೆ ಮರಳಿ ಕೊಡಲು ನಮ್ಮಿಂದಾಗಲಿಲ್ಲ. ಅವಳು ಈಗ ಬಿ.ಎಡ್. ಓದುತ್ತಿದ್ದಾಳೆ. ರೂಟರಿನ ಸಂಗತಿಯನ್ನು ಅವಳಿಗೆ ಹೇಳಿದಾಗ, “ಇಷ್ಟೇ ಏನ್ರಿ ಮೇಡಂ?” ಎಂದಳು. ಆ ಮಾತಿಗೆ ನಾವು ತಲೆತಗ್ಗಿಸಿದೆವು.

ಓದುಗರಿಗೆ ನಮ್ಮ ಬಿನ್ನಹ

ಶಿಕ್ಷಕರಿಗೆ, ವೈದ್ಯರಿಗೆ, ಚಿಕ್ಕ ಉದ್ದಿಮೆದಾರರಿಗೆ, ಕೃಷಿಕರಿಗೆ ಇಂದು ಇಂಥ ಆಮಂತ್ರಣಗಳು ಬರುತ್ತಲೇ ಇರುತ್ತವೆ. ಬಂದ ಕರೆಗೆಲ್ಲ ಓಡುವುದೂ ಸಲ್ಲದು, ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆಂದು ಕೂಡುವುದೂ ಸಲ್ಲದು. ಮನೆಯವರೆಲ್ಲ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಒಂದು, ನಮಗೆ ಅಲ್ಲಿ ನೋಡುವುದಿದೆಯೋ, ಕೇಳುವುದಿದೆಯೋ? ಎರಡು, ಕೇಳಬೇಕಾದದ್ದನ್ನು ಒಂದು ಹಾಳೆಯ ಮೇಲೆ ಸ್ಪಷ್ಟವಾಗಿ ಬರೆಯಬಲ್ಲೆವೋ? ಮೂರು, ನಮ್ಮ ಅನುಭವದಿಂದ ಅಲ್ಲಿಯವರಿಗೆ ಕೊಡುವಂಥದು ಏನಾದರೂ ಇದೆಯೋ? ನಾಲ್ಕು, ಹೋದವರ ಮನೆಗೆಲಸವನ್ನು ಯಾರು ಹೊರುತ್ತಾರೆ, ಅವರು ಮನಃಪೂರ್ವಕವಾಗಿ ಒಪ್ಪಿದ್ದಾರೆಯೋ? ಬರೆಯಲು ಪ್ರಶ್ನೆಯೇ ಇಲ್ಲವಾದರೆ ಮನೆಯಲ್ಲಿ ಕುಳಿತು ನೋಡುವುದರಿಂದ ನಷ್ಟವಿಲ್ಲ. ಪ್ರಶ್ನೆಯಿದ್ದರೆ, ಅದರಲ್ಲಿಯೂ ಅದು ಯಾರದೋ ಮಕ್ಕಳ ಬಾಳಿಗೆ ಸಂಬಂಧಪಟ್ಟಿದ್ದರೆ, ಒಂದು ದಿನದ ಮಟ್ಟಿಗಾದರೂ ಹೋಗಿ ಬರಬೇಕು.

ನಮ್ಮ ಮನೆಗೆ ಈ ವರ್ಷದ ಆಮಂತ್ರಣವೂ ಬಂದಿದೆ. ಹಾಳೆಯ ಮೇಲೆ ಬರೆಯಲು ಈ ಸಲ ಪ್ರಶ್ನೆಗಳಿಲ್ಲ. ಆದ್ದರಿಂದ ಮನೆಯಲ್ಲಿಯೇ ಕುಳಿತು ನೋಡುವವರಿದ್ದೇವೆ. ಅಮೆರಿಕೆಯ ಮಗ ಮಾತ್ರ ದೀಪಾವಳಿಗೆ ಖುದ್ದಾಗಿ ಬರುವುದಾಗಿ ತಿಳಿಸಿದ್ದಾನೆ. ಅಜ್ಜಿಯ ಮೊಣಕಾಲಿನ ಸಂಗತಿಯನ್ನು ಅವನಿಗೆ ನಾವೇ ಬರೆದಿದ್ದೆವು.